ಹಸಿರುಮನೆ ಅನಿಲ

ಶುದ್ಧ ಕನ್ನಡ ಬರೆಯುವ ಚಟ ನನಗಿದೆ. ಮನೆಯಿಂದ ಹೊರಬಿದ್ದರೆ ತೆಲುಗು, ಹಿಂದಿಯಲ್ಲೇ ದಿನ ದೂಡುವ ಹೈದರಾಬಾದಿನ ಕನ್ನಡಿಗನಿಗೆ ಇದು ಸಹಜವೆಂದು ನನ್ನ ಸಮಾಧಾನ. ಈ ಚಟದಿಂದ ಒಮ್ಮೆ ಒಬ್ಬ ತಾಯಿಯನ್ನು ಅಳಿಸಿಬಿಟ್ಟೆ.

ಊರೆಲ್ಲ ಸಾಫ್ಟ್‌ವೇರ್ ಅಮಲಿನಲ್ಲಿದ್ದ ಕಾಲ. ಆಗಾಗ ಒಂದೊಂದು ಕಂಪನಿ ದಿಢೀರನೆ ಜನರನ್ನು ತೆಗೆಯುತ್ತಲೂ ಇತ್ತು. ನಾನು ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಹೊಗೆ ತಪಾಸಣೆಯ ಅಧಿಕಾರಿ. ಅಷ್ಟಕ್ಕೇ ಕಾಲೊನಿಯ ಕನ್ನಡ ಸಂಘದವರು, ಹವಾಮಾನ ಉಳಿಸಲು ದೇಶ ಮುಂದಿನ ಐವತ್ತು ವರ್ಷ ಏನು ಮಾಡಬೇಕೆಂದು ಭಾಷಣಕ್ಕೆ ಕರೆದರು. ನಾಳೆಯ ಕಾಯಿಪಲ್ಲೆಯನ್ನೇ ಯೋಚಿಸದ ನಾನು ಐವತ್ತು ವರ್ಷಕ್ಕೆ ಒಪ್ಪಿಕೊಂಡೆ. ಸಂಘದ ಬೋರ್ಡಿನ ಮೇಲೆ ಸ್ವಹಸ್ತದಿಂದ ಬರೆದೆ: ‘ರಾಷ್ಟ್ರೀಯ ದೀರ್ಘಾವಧಿ ನೀತಿ: ಹಸಿರುಮನೆ ಅನಿಲ ತೀವ್ರ ಕಡಿತ.’

“ಗ್ಯಾಸ್ ಅಂತ ಬರೀರಿ, ಮಂದಿಗೆ ತಿಳೀತೈತಿ,” ಎಂದಳು ಹೆಂಡತಿ.

“ಗ್ಯಾಸ್ ಅಂದ್ರ ಸಿಲಿಂಡರ್ ಅಂತ ತಿಳ್ಕೋತಾರ,” ಎಂದು ನಕ್ಕೆ.

ನಾನು ಮರೆತದ್ದು ಒಂದೇ. ನಮ್ಮ ಕಾಲೊನಿಯಲ್ಲಿ ಇಬ್ಬರು ಅನಿಲರು, ಮೂವರು ಜೋಶಿಗಳು. ಗುರುತಿಗೆಂದು ಹೆಸರಿಗೊಂದು ಬಾಲ: ಬ್ಯಾಂಕ್ ಜೋಶಿ, ಜಾತಕದ ಜೋಶಿ. ಬಾಲವಿಲ್ಲದ ಬರೀ ಜೋಶಿ ನಾನು. ಗೋಡೆಗೆ ಗಿಳಿಹಸಿರು ಬಣ್ಣ ಬಳಿದ ಮನೆಯ ಸಾಫ್ಟ್‌ವೇರ್ ಇಂಜಿನಿಯರ್‌ ಎಲ್ಲರ ಬಾಯಲ್ಲೂ ‘ಹಸಿರುಮನಿ ಅನಿಲ’. ಅವನ ಮನೆಗೆ ಬೀಗರಾಗುವವರು ವಿಳಾಸ ಕೇಳಿಕೊಂಡು ಬಂದದ್ದೂ ಆ ಹೆಸರಿನಿಂದಲೇ.

ಮರುದಿನ ಬೆಳಿಗ್ಗೆ ಸ್ಕೂಟರಿಗೆ ಒದೆಯುತ್ತಿದ್ದಾಗ ಅವನ ತಾಯಿ ಕಮಲಾಬಾಯಿ ಬಂದರು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ಜೋಶಿಯವರ, ನನ್ನ ಮಗನ್ನ ನೌಕರಿಯಿಂದ ತಗ್ಯಾಕ ದೇಶದ ನೀತಿನೇ ಆಗೇತೇನ್ರಿ? ಬರೋ ತಿಂಗಳ ಲಗ್ನ ಐತಿ. ಬೀಗರು ಬೋರ್ಡ್ ಓದಿ, ಮಾರಿ ಸಣ್ಣ ಮಾಡ್ಕೊಂಡು ಹೋಗ್ಯಾರ್ರಿ!”

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅನಿಲ ಅಂದರೆ ಗಾಳಿ, ಹಸಿರುಮನೆ ಅಂದರೆ ಗಿಡ ಬೆಳೆಸುವ ಗಾಜಿನ ಮನೆ, ಭೂಮಿ ಬಿಸಿಯಾಗುತ್ತಿದೆ, ಹೊಗೆ ಬಿಡಬಾರದು ಎಂದು ಬಡಬಡಿಸುತ್ತ ಗಾಬರಿಯಲ್ಲಿ ಇನ್ನೊಂದು ಒದೆ ಕೊಟ್ಟೆ. ಹಾಳು ಸ್ಕೂಟರ್ ಆಗಲೇ ಶುರುವಾಗಬೇಕೆ? ಇಬ್ಬರೂ ನೀಲಿ ಹೊಗೆಯಲ್ಲಿ ಮುಳುಗಿದೆವು.

“ನನ್ನ ಮಗ ದಿನಾ ಬಸ್ಸಿನಾಗ ಹೋಗ್ತಾನ್ರಿ,” ಎಂದರು ಕಮಲಾಬಾಯಿ ಕೆಮ್ಮುತ್ತ. “ಮೊದಲ ಇದನ್ನ ಕಡಿತ ಮಾಡ್ರಿ!”

ಅಂದೇ ಬಸ್ಸು ಹಿಡಿದು ಬೀಗರ ಮನೆಗೆ ಹೋಗಿ ಕೈಮುಗಿದು ಬಂದೆ. ಬೋರ್ಡಿನಲ್ಲಿ ಹೆಂಡತಿಯೇ ‘ಗ್ಯಾಸ್’ ಎಂದು ತಿದ್ದಿದಳು. ಭಾಷಣ ಮುಗಿದಾಗ ಬಂದ ಮೊದಲ ಪ್ರಶ್ನೆ ಸಿಲಿಂಡರಿನದೇ.

ದೇಶದ ನೀತಿಗೆ ನನ್ನಿಂದೇನೂ ಉಪಕಾರವಾಗಲಿಲ್ಲ. ಪುಣ್ಯಕ್ಕೆ ಲಗ್ನ ನಿಲ್ಲಲಿಲ್ಲ. ಕಮಲಾಬಾಯಿ ಕೊಟ್ಟುಹೋದ ಲಗ್ನಪತ್ರಿಕೆಯ ಮೇಲೆ ದುಂಡಗೆ ಬರೆದಿತ್ತು: ‘ಹೊಗಿ ಜೋಶಿಯವರಿಗೆ.’ ಅಚ್ಚ ಕನ್ನಡ. ತಿದ್ದಲು ಏನೂ ಸಿಗಲಿಲ್ಲ.