ಹೆಲ್ವಿಕ್ ಕಂಪನಿಯ ವಂಶವೃಕ್ಷ

ಕುಮಟಾದ ತೆಂಗಿನ ಮರ ಗಣತಿ ಉಪಕಚೇರಿಯ ಗಣಕಯಂತ್ರವು ಮೂವತ್ತೈದು ವರ್ಷಗಳಿಂದ ಸುಸ್ಥಿತಿಯಲ್ಲಿದೆ. ಚಾಲೂ ಆಗುವುದಿಲ್ಲ, ಅಷ್ಟೇ. ಯುರೋಪಿನ ಹೆಲ್ವಿಕ್ ಕಂಪನಿ ತಯಾರಿಸಿದ ಸದರಿ ಯಂತ್ರದ ಧೂಳು ಒರೆಸುವ ಹೊಣೆ ಅಟೆಂಡರ್ ದುರ್ಗಿಯದು. ಅವಳು ಕೆಲಸಕ್ಕೆ ಸೇರಿದ ದಿನ ಗುಮಾಸ್ತರು ರಜೆಯಲ್ಲಿದ್ದರೆಂದು ಕಚೇರಿ ಸಾಮಾನುಗಳ ಡೆಡ್ ಸ್ಟಾಕ್ ರಿಜಿಸ್ಟರಿಗೆ ಅವಳಿಂದಲೇ ಸಹಿ ಹಾಕಿಸಲಾಗಿ, ಯಂತ್ರ ಅವಳ ತಲೆಗೆ ಬಿದ್ದಿತ್ತು.

ಈ ತಿಂಗಳು ಅವಳ ನಿವೃತ್ತಿ. ಅವಳಿಗಿದ್ದದ್ದು ಒಂದೇ ಆಸೆ: ಪಿಂಚಣಿ ತಕ್ಕೊಂಡು, ಎಂಟೂವರೆ ಬಸ್ಸಿಗೆ ಓಡುವುದು ಬಿಟ್ಟು, ಬಾಡ ಊರಿನ ತನ್ನ ಮನೆಯಂಗಳದಲ್ಲಿ ಕೂತು ಬೇರೆಯವರು ತಂದುಕೊಟ್ಟ ಚಾ ಕುಡಿಯುವುದು. ಆದರೆ ಪಿಂಚಣಿಗೆ, ಕಚೇರಿಗೆ ಏನೂ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ಬೇಕು. ಅದಕ್ಕೆ ಯಂತ್ರವನ್ನು ಚಾಲೂ ಸ್ಥಿತಿಯಲ್ಲಿ ಒಪ್ಪಿಸಬೇಕು. ಇಲ್ಲವೇ ದುರಸ್ತಿ ಅಸಾಧ್ಯವೆಂದು ತಯಾರಕರೇ ಬರೆದುಕೊಡಬೇಕು.

“ಆ ಕಂಪನಿ ಸತ್ತು ಎಷ್ಟು ಕಾಲ ಆತು, ಸಾಹೇಬ್ರೆ!”

“ಎಂತ ಮಾಡುದು ದುರ್ಗಕ್ಕ,” ಎಂದರು ಅಧೀಕ್ಷಕ ಭಾಸ್ಕರ. “ಸತ್ತಿದ್ರೆ ವಾರಸುದಾರರು ಬರ್ದುಕೊಡ್ಲಿ. ವಂಶವೃಕ್ಷ ಮಾಡ್ಸಿ.”

ಗ್ರಾಮ ಆಡಳಿತ ಅಧಿಕಾರಿ ಚಂದನಾ ಮಹಜರಿಗೆ ಬಂದರು. ಮೊಬೈಲಿನಲ್ಲಿ ಸಿಕ್ಕ ಕಂಪನಿಯ ಚರಿತ್ರೆಯನ್ನು ನಮೂನೆಗೆ ಇಳಿಸಿದರು. ಮೂಲಪುರುಷರು: ರೇಡಿಯೋ ರಿಪೇರಿಯ ಇಬ್ಬರು ಅಣ್ಣತಮ್ಮಂದಿರು. ೧೯೭೮ರಲ್ಲಿ ಹಳೇ ಕುದುರೆ ಲಾಯವೊಂದರಲ್ಲಿ ಮೊದಲ ಯಂತ್ರ ಮಾಡಿದರು. ಅಲ್ಲಿನ ಶಾಲೆಗಳು ಮುಗಿಬಿದ್ದು ಕೊಂಡವು. ೧೯೮೬ರಲ್ಲಿ ದೊಡ್ಡ ಕಂಪನಿಯೊಂದಿಗೆ ವಿಲೀನ. ನಮೂನೆಯಲ್ಲಿ ವಿಲೀನಕ್ಕೆ ಕಾಲಂ ಇಲ್ಲದ್ದರಿಂದ ‘ವಿವಾಹ’ ಎಂದು ನಮೂದಿಸಲಾಯಿತು. ಗಂಡನ ಮನೆಯೂ ೧೯೯೧ರಲ್ಲಿ ಮುಳುಗಿತು. ಸಂತಾನ: ಒಂದು, ಕುಮಟಾದಲ್ಲಿ, ಮೇಜಿನ ಮೇಲೆ.

ದುರ್ಗಿಯ ನೆರೆಮನೆಯ ಬೊಮ್ಮಯ್ಯ ಸಾಕ್ಷಿ ಹೇಳುವ ಪಂಚನಾಗಿ, “ಸದರಿ ಕಂಪನಿಯನ್ನು ಬಾಲ್ಯದಿಂದ ಬಲ್ಲೆ” ಎಂದು ಸಹಿ ಹಾಕಿದ.

“ಯಾವ ಊರಿನವ್ರು ಅಂತಾದ್ರೂ ಗೊತ್ತನಾ ನಿಂಗೆ?” ದುರ್ಗಿ ಕೇಳಿದಳು.

“ಒಳ್ಳೆಯವ್ರು ಪಾಪ, ಬೇಗ ಹೋದ್ರು,” ಎಂದ ಬೊಮ್ಮಯ್ಯ.

“ಕೊನೆಗಾಲದಲ್ಲಿ ನೋಡಿಕೊಂಡವರು ಯಾರು?” ಚಂದನಾ ಕೇಳಿದರು. ಎಲ್ಲರೂ ದುರ್ಗಿಯನ್ನು ನೋಡಿದರು.

“ಅಯ್ಯೋ ಮೇಡಂ, ನಾ ಧೂಳು ಒರ್ಸಿದ್ದೆ ಅಷ್ಟೇ!”

“ಶುಶ್ರೂಷೆ ಮಾಡಿರುತ್ತಾರೆ,” ಎಂದು ಚಂದನಾ ಬರೆದುಕೊಂಡರು.

ಪಂಚಾಯಿತಿ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: ‘ತಕರಾರು ಇದ್ದವರು ಏಳು ದಿನದೊಳಗೆ ಖುದ್ದು ಹಾಜರಾಗತಕ್ಕದ್ದು.’ ಯುರೋಪಿನಿಂದ ಯಾರೂ ಬರಲಿಲ್ಲ. ದುರ್ಗಿ ಹೆಲ್ವಿಕ್ ಕಂಪನಿಯ ಏಕೈಕ ವಾರಸುದಾರಳಾದಳು. ‘ದುರಸ್ತಿ ಅಸಾಧ್ಯ’ ಎಂದು ಬರೆದುಕೊಟ್ಟಳು. ನಿವೃತ್ತಿಯ ದಿನ ಭಾಸ್ಕರರು ಶಾಲು ಹೊದಿಸಿ ಬೇಬಾಕಿ ಪತ್ರ ಕೊಟ್ಟರು. ಬೆನ್ನಿಗೇ ಇನ್ನೊಂದು ಕಾಗದವನ್ನೂ ಕೊಟ್ಟರು: ‘ಕಚೇರಿಗೆ ಯಂತ್ರ ಸರಬರಾಜು ಮಾಡುವ ಸಂಸ್ಥೆಯ ಒಡೆತನ ನೌಕರರಿಗೆ ಇರತಕ್ಕದ್ದಲ್ಲ. ಆದ್ದರಿಂದ ಪಿಂಚಣಿ ತಡೆಹಿಡಿಯಲಾಗಿದೆ. ಬದಲಿ ಯಂತ್ರ ಕೊಡುವ ತನಕ ಹಳೆಯದರ ನಿರ್ವಹಣೆ ತಯಾರಕರದೇ.’

ದುರ್ಗಿಗೆ ಸಿಟ್ಟೂ ಬಂತು, ಅಳುವೂ ಬಂತು. “ನಿಮ್ಮ ನಿಯಮಕ್ಕೆ ಬೆಂಕಿ ಬೀಳ್ಲಿ!”

“ಅದನ್ನ ಕಂಪನಿಯ ಲೆಟರ್‌ಹೆಡ್ಡಲ್ಲಿ ಬರ್ದು ಕೊಡಿ ದುರ್ಗಕ್ಕ, ಕಡತಕ್ಕೆ ಹಾಕುವಾ,” ಎಂದರು ಭಾಸ್ಕರ.

ಮರುದಿನ ದುರ್ಗಿ ಅದೇ ಎಂಟೂವರೆ ಬಸ್ಸಿಗೆ ಬಂದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಸಂದರ್ಶಕರ ಪುಸ್ತಕದಲ್ಲಿ ‘ಹೆಲ್ವಿಕ್ ಕಂಪನಿ, ಯುರೋಪ್’ ಎಂದು ಬರೆದು, ಬಟ್ಟೆ ತಕ್ಕೊಂಡು ಧೂಳು ಒರೆಸಿದಳು. ಭಾಸ್ಕರರು ಎದ್ದು ನಿಂತು ಕೈಮುಗಿದರು. ವಿದೇಶಿ ಕಂಪನಿಯವರು ಬಂದರೆ ಎದ್ದು ನಿಂತು ಚಾ ಕೊಡಬೇಕೆಂದು ಸುತ್ತೋಲೆಯೇ ಇದೆ. ಅಟೆಂಡರ್ ಹುದ್ದೆ ಖಾಲಿ ಇದ್ದುದರಿಂದ ಚಾ ದುರ್ಗಿಯೇ ತಂದಳು.