ಪೆನ್ಸಿಲ್ಲಿನಲ್ಲಿ ಬರೆದ ಓಟುಗಳು

ಮಂಡಲ ಪಂಚಾಯಿತಿ ಚುನಾವಣೆಗೆ ನನ್ನ ಹೆಂಡತಿಯ ತಮ್ಮ ರುದ್ರೇಶಿ ನಿಂತಾಗ, ಅವನನ್ನು ಗೆಲ್ಲಿಸುವ ಸಂಪೂರ್ಣ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಯಾರೂ ನನಗೆ ವಹಿಸಿರಲಿಲ್ಲ. ಆದರೆ ನ್ಯಾಮತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನನಗೆ ಪಟ್ಟಿ ಬರೆಯುವುದು ಗೊತ್ತಿತ್ತು. ನಮ್ಮೂರಲ್ಲಿ ಯಾವ ಜಾತಿಯವರು ಯಾರಿಗೆ ಓಟು ಹಾಕುತ್ತಾರೆ ಎಂಬುದಂತೂ ನನಗೆ ಅಂಗೈ ಮೇಲಿನ ಗೆರೆ!

“ಸುಮ್ನೆ ಮನೆ ಮನೆಗೆ ಹೋಗಿ ಕೈ ಮುಗಿಯೋದು ಬಿಡು,” ಎಂದೆ ರುದ್ರೇಶಿಗೆ. “ಇದು ಶಾಸ್ತ್ರೀಯವಾಗಿ ಆಗಬೇಕು.”

“ಭಾವಾ, ನಂಗೆ ಹೆದರಿಕೆ ಆಗ್ತೈತೆ,” ಎಂದ ಅವನು.

ಮತದಾರರ ಪಟ್ಟಿಯನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ನಮ್ಮ ಲಿಂಗಾಯತರಿಗೆ ಕೆಂಪು ಶಾಯಿ, ಮುಸ್ಲಿಮರಿಗೆ ಹಸಿರು, ಕಾಲೋನಿಯ ಪರಿಶಿಷ್ಟರಿಗೆ ನೀಲಿ. ಅಷ್ಟರಲ್ಲಿ ಶಾಯಿ ಮುಗಿಯಿತು. ಕುರುಬರನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಪ್ರತಿ ಮನೆಯ ಮುಂದೆ ‘ನಮಗೆ’, ‘ಅವರಿಗೆ’ ಎಂದು ತೀರ್ಪು ಕೊಟ್ಟೆ. ಹೆಂಗಸರಿಗೆಲ್ಲ ಒಂದೇ ಷರಾ: ‘ಗಂಡ ಹೇಳಿದಂತೆ.’

ಈ ಮಹಾಗ್ರಂಥವನ್ನು ಗಫಾರ್ ಸಾಹೇಬರ ಚಾ ಹೋಟೆಲಿನ ಬೆಂಚಿನ ಮೇಲೆ ಮರೆತು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹುಡುಕಿಕೊಂಡು ಹೋದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಸಾಹೇಬರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

“ಬರ್ರಿ, ಬರ್ರಿ. ನಮ್ಮ ಮನೆಯ ಐದು ಓಟು ‘ಅವರಿಗೆ’ ಅಂತ ಬರೆದೀರಲ್ಲ? ನನ್ನ ಮಗಳ ಹೆರಿಗೆಗೆ ರುದ್ರೇಶಿ ತನ್ನ ಗಾಡಿ ಕಟ್ಟಿ ಹೊನ್ನಾಳಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದ. ಅವನಿಗೇ ಹಾಕ್ಬೇಕು ಅಂತಿದ್ವಿ. ಈಗ ನೀವು ಬರೆದ ಮೇಲೆ ಮೀರೋದು ಹೆಂಗ್ರೀ?”

ನಾನು ಬಾಯಿ ತೆರೆಯುವ ಮೊದಲೇ ಕುರುಬರ ಬೀರಪ್ಪ ಎದ್ದ. “ನಮ್ಮನ್ನ ಯಾಕ್ರೀ ಪೆನ್ಸಿಲ್ಲಿನಾಗೆ ಬರೆದೀರಿ? ಬೇಕಾದಾಗ ಅಳಿಸಾಕಾ?”

“ಶಾಯಿ ಮುಗಿದಿತ್ತು...”

“ನಮ್ಮ ಪಾಳಿ ಬಂದಾಗ್ಲೇ ಮುಗೀತೈತಾ?”

ಬಾಗಿಲಲ್ಲಿ ನಿಂತಿದ್ದ ಕಾಲೋನಿಯ ಹನುಮಕ್ಕ ಸೆರಗು ಸಿಕ್ಕಿಸಿಕೊಂಡಳು. “‘ಕಾಲೋನಿ ಓಟೆಲ್ಲ ಹನುಮಂತಪ್ಪ ಹೇಳಿದಂತೆ’ ಅಂತೆ! ಅವನ ಮಾತು ಅವನ ನಾಯೀನೇ ಕೇಳಲ್ಲ. ನಾನು ಅವನ ಹೆಂಡ್ತಿ, ನಾನು ಕೇಳ್ತೀನಾ?”

ಹನುಮಂತಪ್ಪ ಮೂಲೆಯಲ್ಲಿ ಕೂತು ಚಾ ಕುಡಿಯುತ್ತಿದ್ದ. ತಲೆ ಎತ್ತಲಿಲ್ಲ.

ನಮ್ಮವರಾದರೂ ನನ್ನ ಪರ ಬರುತ್ತಾರೆ ಎಂದುಕೊಂಡೆ. ‘ನಮಗೆ ಖಾತ್ರಿ’ ಎಂದು ಕೆಂಪಿನಲ್ಲಿ ಬರೆಸಿಕೊಂಡಿದ್ದ ನನ್ನ ಸ್ವಂತ ದೊಡ್ಡಪ್ಪ ಗುಡುಗಿದರು: “ಖಾತ್ರಿ ಅನ್ನಾಕೆ ನೀನ್ಯಾವನೋ? ನನ್ನನ್ನ ಕೇಳಿದ್ಯೇನು?”

ಮನೆ ಸೇರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಸೇರಿತ್ತು.

“ನನ್ನ ಹೆಸರಿನ ಮುಂದೆ ಏನು ಬರೆದೀರಿ?” ಎಂದಳು ಹೆಂಡತಿ.

“ಅದು... ಎಲ್ಲ ಹೆಂಗಸರಿಗೂ ಹಾಗೇ...”

ಆ ದಿನ ಊಟ ನಾನೇ ಬಡಿಸಿಕೊಂಡೆ. ತಮ್ಮನೆಂದರೆ ಅವಳಿಗೆ ಪ್ರಾಣ. ಆ ತಮ್ಮನ ಮರ್ಯಾದೆಯನ್ನು ನಾನು ಚಾ ಹೋಟೆಲಿನಲ್ಲಿ ಹರಾಜು ಹಾಕಿದ್ದೆ. ಚುನಾವಣೆ ಮುಗಿಯುವವರೆಗೂ ಹೊರಗೆ ಬರಬಾರದೆಂದು ರುದ್ರೇಶಿ ಕೈಮುಗಿದು ಕೇಳಿಕೊಂಡ. ನಾನು ಜ್ವರ ಬಂದವನಂತೆ ಕಂಬಳಿ ಹೊದ್ದು ಮಲಗಿದೆ. ಓಟು ಹಾಕಲು ಮಾತ್ರ ಹಿತ್ತಿಲಿನಿಂದ ಹೋಗಿ ಬಂದೆ.

ಎಣಿಕೆಯ ದಿನ ಬೀದಿಯಲ್ಲಿ ಪಟಾಕಿ ಸದ್ದು. ಸೋತೆವು ಎಂದು ಕಂಬಳಿ ಎಳೆದುಕೊಂಡೆ. ಹೆಂಡತಿ ಓಡಿ ಬಂದು ಕಂಬಳಿ ಕಿತ್ತಳು.

“ಏಳ್ರೀ! ರುದ್ರೇಶಿ ಗೆದ್ದ! ಕಾಲೋನಿ, ಸಾಹೇಬರ ಕೇರಿ, ಕುರುಬರ ಕೇರಿ, ನಮ್ಮವರು, ಎಲ್ಲರೂ ಹಾಕ್ಯಾರೆ!”

ನನ್ನೊಳಗಿನ ಚುನಾವಣಾ ತಜ್ಞ ತಕ್ಷಣ ಎದ್ದು ಕೂತ. “ಅದು ಹೆಂಗಾಯ್ತು? ಎಲ್ಲಾ ಜಾತಿಯವರೂ ಒಂದಾಗೋದು ಸಾಧ್ಯವೇ ಇಲ್ಲ!”

“ಅವನು ಒಬ್ಬನೇ ಮನೆ ಮನೆಗೆ ಹೋಗಿದ್ದ. ‘ನಮ್ಮ ಭಾವನಿಗೆ ಬುದ್ಧಿ ಸ್ವಲ್ಪ ಕಮ್ಮಿ, ಮನಸಿಗೆ ಹಚ್ಕೋಬ್ಯಾಡ್ರಿ’ ಅಂದನಂತೆ.”

“ಅದಕ್ಕೆ ಅವರು?”

“ಆ ಮಾತಿಗೆ ಒಂದು ಕೇರೀಲೂ ಯಾರೂ ಅಲ್ಲ ಅನ್ನಲಿಲ್ಲವಂತೆ!”