ದನಗಾಹಿಗಳ ಹೋಟೆಲಿನಲ್ಲಿ ಬೀಗರು

ಬೇಡ ಎನ್ನುವುದನ್ನು ನನಗೆ ಕಲಿಸಿದವಳು ನಮ್ಮ ಅಜ್ಜಿ. ಮಂದಿಯ ಮನೆಯಲ್ಲಿ ಉಣ್ಣಲು ಕೂತಾಗ ಹೊಟ್ಟೆ ಎಷ್ಟೇ ಚುರುಗುಟ್ಟುತ್ತಿರಲಿ, ಬಡಿಸಲು ಬಂದವರಿಗೆ ಮೊದಲು ಬೇಡ ಎನ್ನಬೇಕು. ಅವರು ಬಿಡಬಾರದು. ನಾವು ತಾಟಿಗೆ ಕೈ ಅಡ್ಡ ಹಿಡಿಯಬೇಕು, ಅವರು ಬೆರಳ ಸಂದಿಯಿಂದಲಾದರೂ ಸುರಿಯಬೇಕು. ಆಮೇಲೆ ನಾವು ಗೊಣಗುತ್ತ ಎಲ್ಲವನ್ನೂ ಬಳಿದು ಉಣ್ಣಬೇಕು. ಮೊದಲ ಮಾತಿಗೇ ಹ್ಞೂಂ ಎಂದರೆ ಊಟ ಕಾಣದವನೆನ್ನುತ್ತಾರೆ. ಮೊದಲ ಮಾತಿಗೇ ಬಿಟ್ಟರೆ ಮನೆಯವರಿಗೆ ಉಣ್ಣಿಸುವ ಮನಸ್ಸಿಲ್ಲ ಎನ್ನುತ್ತಾರೆ. ಶಹಾಪುರದಿಂದ ಹುಣಸಗಿಯವರೆಗೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಮಗಳ ಮದುವೆಯ ಮಾತುಕತೆಯನ್ನು ಹೋಟೆಲಿಗೆ ಒಯ್ದೆ.

ಮಗಳು ಸುಜಾತಾ, ತಾನು ಪಾಠ ಹೇಳುವ ಶಾಲೆಯಲ್ಲೇ ಕೆಲಸ ಮಾಡುವ ಹುಣಸಗಿಯ ಮಾಸ್ತರನೊಬ್ಬನನ್ನು ಮೆಚ್ಚಿದ್ದಳು. ಅವನೂ ಮೆಚ್ಚಿದ್ದ. ಉಳಿದದ್ದು ಅವನ ತಂದೆ ಬಸಣ್ಣನವರ ಒಪ್ಪಿಗೆ ಮಾತ್ರ. ಗಂಡ ಹೆಂಡತಿ ಬರುತ್ತಾರೆಂದು ಸುದ್ದಿ ಬಂದ ಕೂಡಲೇ ನನ್ನ ಹೆಂಡತಿ ಶಾಂತಾ ಹೋಳಿಗೆಗೆ ಬೇಳೆ ಅಳೆಯತೊಡಗಿದಳು. ನಾನು ತಡೆದೆ. ಹೋಳಿಗೆಯನ್ನು ಎಲ್ಲರೂ ಮಾಡುತ್ತಾರೆ, ಸುರಪುರದ ದಾರಿಯಲ್ಲಿ ಹೊಸ ಹೋಟೆಲಾಗಿದೆ, ಬೀಗರು ಜನ್ಮದಲ್ಲಿ ಮರೆಯಬಾರದು ಎಂದೆ. ಶಾಂತಾ ಬೇಳೆಯನ್ನು ಮರಳಿ ಡಬ್ಬಿಗೆ ಸುರಿದ ಸಪ್ಪಳದಲ್ಲೇ ಅವಳ ಅಭಿಪ್ರಾಯ ನನಗೆ ತಿಳಿಯಿತು.

ಆ ಹೋಟೆಲು ಅಮೆರಿಕದ ದನಗಾಹಿಗಳ ವೈಭವದಲ್ಲಿತ್ತು. ಎದೆಮಟ್ಟದ ಅರ್ಧ ಬಾಗಿಲು, ಗೋಡೆಗೆ ಹಗ್ಗ, ಕೋಡು, ಒಂದು ಬಂಡಿಯ ಗಾಲಿ. ಕೂರಲು ಕುದುರೆಯ ಜೀನು ಹೊದಿಸಿದ ಎತ್ತರದ ಸ್ಟೂಲು. ಧೋತರ ಉಟ್ಟಿದ್ದ ಬಸಣ್ಣನವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ಕೂಟರಿನ ಹಿಂದೆ ಹೆಂಗಸರು ಕೂರುವ ಹಾಗೆ ಎರಡೂ ಕಾಲು ಒಂದೇ ಕಡೆ ಬಿಟ್ಟು ಕೂತರು. ಬಡಿಸುವವರ ತಲೆಯ ಮೇಲಿನ ಅಗಲ ಟೋಪಿಗಳನ್ನು ನೋಡಿ, ಇದೆಲ್ಲ ಏನು ಎಂದು ಕೇಳಿದರು. ದನ ಕಾಯುವವರ ವೇಷ ಎಂದೆ.

“ನಾನೂ ಸಣ್ಣಾಂವಿದ್ದಾಗ ದನಾ ಕಾಯ್ದೀನ್ರಿ,” ಎಂದರು ಅವರು. “ತಲಿಮ್ಯಾಲ ಒಂದು ಹರಕ ಟವಲ್ ಇತ್ತು. ಇಷ್ಟು ಮರ್ಯಾದಿ ಅದಂತ ಗೊತ್ತಿದ್ರ ಹೊಲಾ ಬಿಟ್ಟು ಅದನ್ನೇ ಮಾಡ್ತಿದ್ದೆ.”

ಸುಜಾತಾಳೂ ಸೇರಿ ಎಲ್ಲರೂ ನಕ್ಕೆವು. ಸಂಬಂಧ ಕುದುರಿತು ಎಂದುಕೊಂಡೆ. ಆಗ ಸೂಪು ಬಂತು.

ಟೋಪಿಯವನು ಬಾಗಿ ಬಸಣ್ಣನವರನ್ನು ಕೇಳಿದ. ಅವರು ಕುಲೀನರಂತೆ ಬ್ಯಾಡ್ರಿ ಎಂದರು. ಅವನು ತಲೆಬಾಗಿಸಿ ಹೊರಟೇಬಿಟ್ಟ. ಗಂಡ ಬೇಡವೆಂದ ಮೇಲೆ ಹೆಂಡತಿಯೂ ಬೇಡವೆಂದರು. ಬೀಗರು ಮುಟ್ಟದ್ದನ್ನು ನಾವು ಮುಟ್ಟುವುದುಂಟೆ? ಸೂಪಿನ ಹಿಂದೆ ಜೋಳದ ತೆನೆ ಬಂತು, ಹೋಯಿತು. ಕಬ್ಬಿಣದ ಹಂಚಿನ ಮೇಲೆ ಚುರ್ರೆನ್ನುತ್ತ ಪನೀರು ಬಂತು, ಚುರ್ರೆನ್ನುತ್ತಲೇ ಪಕ್ಕದ ಮೇಜಿಗೆ ಹೋಯಿತು. ತಗೊಳ್ರಿ ತಗೊಳ್ರಿ ಎಂದು ನಾನು ಒತ್ತಾಯಿಸಲು ಬಾಯಿ ತೆರೆಯುವಷ್ಟರಲ್ಲಿ ಪದಾರ್ಥವೇ ಇರುತ್ತಿರಲಿಲ್ಲ. ಬರಿಗೈಯಲ್ಲಿ ಒತ್ತಾಯ ಮಾಡುವವನು ಎಷ್ಟು ಪೆದ್ದನಾಗಿ ಕಾಣುತ್ತಾನೆಂದು ಎದುರಿನ ಕನ್ನಡಿಯಲ್ಲಿ ನೋಡಿದೆ.

ಟೋಪಿಯವನನ್ನು ಬಾಗಿಲ ಬಳಿ ಹಿಡಿದು ವಿಷಯ ಹೇಳಿದೆ. ಅವನು ನಮ್ಮ ಪಕ್ಕದ ಸಗರದ ಊರಿನವನು. ತಮ್ಮ ಮನೆಯಲ್ಲಾದರೆ ಕೈ ಹಿಡಿದೆಳೆದು ಬಡಿಸುತ್ತೇವೆ, ಇಲ್ಲಿ ಬೇಡವೆಂದವರನ್ನು ಇನ್ನೊಮ್ಮೆ ಕೇಳಿದರೆ ಮಾಲೀಕರು ಬಯ್ಯುತ್ತಾರೆ ಎಂದು ಸಂಕಟಪಟ್ಟ. ನಾನು ಮರಳಿ ಬರುವಾಗ ಬಸಣ್ಣನವರು ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

“ಒಂದ ಮಾತಿಗಿ ಬಿಟ್ಟುಬಿಟ್ರು ನೋಡು. ಇವರ ಮನ್ಯಾಗ ನಮ್ಮ ಹುಡುಗಗ ಯಾರು ಹೇಳಿ ಉಣ್ಣಸ್ತಾರ? ಏಳು, ಹುಣಸಗಿ ಬಸ್ಸಿಗಿ ಹೊತ್ತಾತು.”

ಸುಜಾತಾಳಿಗೂ ಅದು ಕೇಳಿಸಿತ್ತು. ಅವಳು ತಲೆ ಬಗ್ಗಿಸಿ ಕಾಗದದ ಕರವಸ್ತ್ರವನ್ನು ಸಣ್ಣಗೆ ಹರಿಯುತ್ತಿದ್ದಳು. ನಾನು ಏನಾದರೂ ಹೇಳಬೇಕಿತ್ತು. ಹೋಟೆಲಿನಲ್ಲಿ ಎಸಿ ಚಲೋ ಅದ ಎಂದೆ.

ಶಾಂತಾ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಾದುಹೋಗುತ್ತಿದ್ದ ಟೋಪಿಯವನ ಕೈಯಿಂದ ಅನ್ನದ ಬೋಗುಣಿಯನ್ನೂ ಚಮಚವನ್ನೂ ಕಿತ್ತುಕೊಂಡಳು. ನೇರ ಬಸಣ್ಣನವರ ಮುಂದೆ ಬಂದು ನಿಂತಳು.

“ಸಾಕ್ರಿ ತಂಗೀ, ಬ್ಯಾಡ,” ಎಂದು ಅವರು ತಾಟಿಗೆ ಕೈ ಅಡ್ಡ ಹಿಡಿದರು.

“ಕೈ ತಗೀರಿ ಅಣ್ಣಾರ. ಇಲ್ಲಂದ್ರ ಕೈಮ್ಯಾಲೇ ಹಾಕ್ತೀನಿ.”

ಹಾಗೇ ಹಾಕಿದಳು. ಬಸಣ್ಣನವರ ಮುಖ ಅರಳಿತು. ಬೆರಳಿಗೆ ಅಂಟಿದ ಅನ್ನವನ್ನು ತಾಟಿಗೆ ಕೊಡವಿ ಉಣ್ಣತೊಡಗಿದರು. ಆಮೇಲೆ ಪನೀರು ಬಂತು, ತೆನೆ ಬಂತು, ತಣ್ಣಗಾದ ಸೂಪೂ ಬಂತು. ಬೀಗಿತ್ತಿ ಬ್ಯಾಡವ್ವ ಬ್ಯಾಡವ್ವ ಎಂದು ನಗುತ್ತ ತಾಟನ್ನು ಹಿಂದಕ್ಕೆ ಎಳೆದಷ್ಟೂ ಶಾಂತಾ ಮುಂದಕ್ಕೆ ಎಳೆದಳು. ಮಾಲೀಕರು ಗಾಬರಿಯಿಂದ ಬಂದರು. ಅವರಿಗೂ ಒಂದು ತೆನೆ ಕೊಟ್ಟು ಕೂರಿಸಿದಳು.

ಬಸಣ್ಣನವರು ಡರ್ರೆಂದು ತೇಗಿದರು. “ಹುಡುಗಿ ತಾಯಿನ್ನ ನೋಡಿದಂಗಾತು. ಇನ್ನ ಬ್ಯಾರೆ ವಿಚಾರ ಏನದ? ಲಗ್ನಕ್ಕ ದಿನಾ ನೋಡ್ರಿ.”

ಸುಜಾತಾ ತಲೆ ಎತ್ತಿದಳು. ನನ್ನ ಎದೆಯ ಭಾರವೆಲ್ಲ ಇಳಿದು, ಆ ಜಾಗದಲ್ಲಿ ಭಯಂಕರ ಹಸಿವು ಬಂದು ಕೂತಿತು. ಅಷ್ಟರಲ್ಲಿ ಶಾಂತಾ ನನ್ನ ತಾಟಿನ ಬಳಿ ಬಂದಳು. ಬೋಗುಣಿಯಲ್ಲಿ ಕೊನೆಯ ಅನ್ನವಿತ್ತು. ಎಷ್ಟೆಂದರೂ ಹುಡುಗಿಯ ತಂದೆ. ಬೀಗರ ಎದುರು ತುಸು ಗತ್ತಿನಿಂದ ತಾಟಿಗೆ ಕೈ ಅಡ್ಡ ಹಿಡಿದು, ಬ್ಯಾಡ ಎಂದೆ.

“ಹಂಗಾರ ಬಿಡ್ರಿ,” ಎಂದು ಅವಳು ಅದನ್ನು ತನ್ನ ತಾಟಿಗೆ ಸುರಿದುಕೊಂಡು ಉಣ್ಣಲು ಕೂತಳು.